ಪುಟದಲ್ಲಿ ಈಗ ಯಾರೂ ಇಲ್ಲ

"ನಿಮ್ಮ ಪುಟಕ್ಕೆ ಬಂದವರಲ್ಲಿ ನೂರಕ್ಕೆ ಎಂಬತ್ತೆಂಟು ಜನ ಇಪ್ಪತ್ತು ಸೆಕೆಂಡಿನೊಳಗೆ ಎದ್ದು ಹೋಗ್ತಿದಾರೆ, ಮೇಡಂ."

ಅವನು ಹೀಗೆ ಹೇಳಿದ್ದು ಬಾಗಿಲಲ್ಲೇ ನಿಂತು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಹೆಗಲ ಚೀಲ ಇನ್ನೂ ಹೆಗಲಲ್ಲೇ ಇತ್ತು.

ಅವಳು ತಲೆಯೆತ್ತಿದಳು. ಬೆಳಗಿನಿಂದ ಬಂದ ಹನ್ನೊಂದನೇ ಫೋನನ್ನು ಆಗಷ್ಟೇ ಇಟ್ಟಿದ್ದಳು. ಆ ಕಡೆಯ ಹೆಂಗಸು ಒಂದು ಮಾತೂ ಆಡದೆ ಅತ್ತು, ಅತ್ತು, ಫೋನು ಇಟ್ಟಿದ್ದಳು.

"ನೀವು ಯಾರು?"

"ವೆಬ್‌ಸೈಟಿಗೆ ಯಾರು ಬರ್ತಾರೆ, ಎಷ್ಟು ಹೊತ್ತು ಇರ್ತಾರೆ, ಎಲ್ಲಿಂದ ವಾಪಸ್ ಹೋಗ್ತಾರೆ ಅಂತ ನೋಡಿ ವರದಿ ಕೊಡೋನು. ಈ ಕೇಂದ್ರ ನಡೆಸೋ ಟ್ರಸ್ಟಿನೋರು ಮೂರು ತಿಂಗಳಿಗೆ ಕರೆಸಿದಾರೆ."

"ಓಹೋ. ಹಾಗಾದ್ರೆ ಒಂದು ಮಾತು ಕೇಳ್ತೀನಿ, ಹೇಳಿ. ಮನೆಗೆ ಬೆಂಕಿ ಬಿದ್ದಾಗ ಪಕ್ಕದ ಮನೆಗೆ ಬಿಂದಿಗೆ ಕೇಳೋಕೆ ಹೋದೋರು ಎಷ್ಟು ಹೊತ್ತು ಕೂತಿರ್ತಾರೆ?"

ಅವನು ಚೀಲ ಹೆಗಲಿನಿಂದ ಇಳಿಸಿದ.

"ಕಾಫಿ ಕುಡಿದು, ಮಕ್ಕಳ ಫೋಟೋ ನೋಡಿ, ಆಮೇಲೆ ಹೊರಡ್ತಾರಾ? ನಮ್ಮ ಪುಟಕ್ಕೆ ಬರೋರಿಗೆ ಬೇಕಾಗಿರೋದು ಒಂದು ಫೋನ್ ನಂಬರು. ಸಿಕ್ಕಿದ ಕೂಡ್ಲೇ ಹೋಗ್ತಾರೆ. ಹೋಗ್ಲೇಬೇಕು. ಅದನ್ನ ಸೋಲು ಅಂತ ಬರ್ಕೊಂಡಿದೀರಾ?"

ಮೂಲೆಯ ಮೇಜಿನಿಂದ ದೊಡ್ಡ ಮೇಡಂ ನಕ್ಕರು. ಮೂವತ್ತು ವರ್ಷ ವಕೀಲಿಕೆ ಮಾಡಿ, ಕಪ್ಪು ಕೋಟು ಬಿಚ್ಚಿಟ್ಟ ಮೇಲೆ ದುಡಿಯುವ ಹೆಂಗಸರಿಗೆಂದು ಈ ಸಹಾಯ ಕೇಂದ್ರ ತೆರೆದವರು ಅವರು.

"ಕೂತ್ಕೊಳಪ್ಪಾ. ಇವಳಿಗೆ ನಾವು ಕಿಡಿ ಅಂತೀವಿ. ಹತ್ತಿರ ಕೂತ್ರೆ ಅಂಗಿ ಸುಡುತ್ತೆ. ನೋಡ್ಕೊಂಡು ಕೂತ್ಕೋ."

ಅವನು ನೋಡಿಕೊಂಡೇ ಕೂತ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಎರಡು ಮೇಜು ಆಚೆ. ಅರ್ಧ ಗಂಟೆ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದ. ಆಮೇಲೆ ಎದ್ದು ಬಂದು ಪರದೆಯನ್ನು ಅವಳ ಕಡೆಗೆ ತಿರುಗಿಸಿದ. 'ಬೇಗ ಎದ್ದು ಹೋದವರು' ಎಂದು ಕೆಂಪಗಿದ್ದ ಸಾಲು ಹಸಿರಾಗಿತ್ತು. 'ನಂಬರು ಸಿಕ್ಕಿ ಹೋದವರು.'

"ಹೀಗೆ ಸರೀನಾ?"

ಅವಳು ಹಸಿರು ಸಾಲನ್ನು ಎರಡು ಸಲ ಓದಿದಳು. ಜಗಳಕ್ಕೆ ಸೊಂಟ ಕಟ್ಟಿ ನಿಂತವಳ ಮುಂದೆ ಎದುರಾಳಿ ಸುಮ್ಮನೆ ತನ್ನ ತಪ್ಪು ತಿದ್ದಿಕೊಂಡು ನಿಂತರೆ ಏನು ಮಾಡಬೇಕು? 'ಇಂಥ ಗಂಡಸನ್ನ ನಾನು ನೋಡೇ ಇಲ್ವಲ್ಲ...' ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೇ ರೇಗಿದಳು.

ಮರುದಿನದಿಂದ ಅವನ ಹೆಸರು ಗ್ರಾಫ್ ಎಂದಾಯಿತು. ಇಟ್ಟವಳು ಅವಳೇ.

* * *

ಕೇಂದ್ರದ ವೆಬ್‌ಸೈಟಿನಲ್ಲಿ 'ಕೇಳಿ, ಹೇಳ್ತೀವಿ' ಎಂಬ ಪುಟಗಳಿದ್ದವು. ಬರೆಯುತ್ತಿದ್ದವಳು ಕಿಡಿ. ದುಡಿಯುವ ಹೆಂಗಸರು ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಅವರಿಗೆ ತಿಳಿಯುವ ಮಾತಿನಲ್ಲೇ ಉತ್ತರ. ಮುಟ್ಟಿನ ದಿನ ಬಚ್ಚಲಿಗೆ ಬಿಡುವುದಿಲ್ಲ ಎಂದರೆ ಏನು ಮಾಡಬೇಕು? ಬಸುರಿ ಎಂದು ಗೊತ್ತಾದ ದಿನವೇ ಗೇಟಿನಿಂದ ಆಚೆ ಕಳಿಸಿದರೆ ಯಾರನ್ನು ಕಾಣಬೇಕು? ಹಾಸ್ಟೆಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬಹುದೇ?

ಈ ಕೊನೆಯ ಪ್ರಶ್ನೆಯ ಪುಟ ಉದ್ದವಾಗಿತ್ತು. ಕೆಳಗೆ ಕಾರ್ಮಿಕ ಅಧಿಕಾರಿಗೆ ಬರೆಯಬೇಕಾದ ದೂರಿನ ಮಾದರಿ ಇತ್ತು, ಎಂಬತ್ತೆರಡು ಸಾಲು. ಒಂದು ಪದ ಹೆಚ್ಚಿದರೂ ಮಾಲೀಕರ ವಕೀಲರು ಬಾಯಿ ಹಾಕುತ್ತಾರೆ, ಒಂದು ಪದ ಕಮ್ಮಿಯಾದರೂ ಅಧಿಕಾರಿ ತಪ್ಪಿಸಿಕೊಳ್ಳುತ್ತಾನೆ. ದೊಡ್ಡ ಮೇಡಂ ಜೊತೆ ಕೂತು ಒಂದು ತಿಂಗಳು ತಿದ್ದಿ ತಿದ್ದಿ ಬರೆದಿದ್ದಳು.

ಅದನ್ನು ಯಾರಾದರೂ ಓದುತ್ತಾರೆಯೇ ಎಂಬುದೇ ಅವಳ ಸಂಕಟ. ಕಲ್ಲು ಬಾವಿಗೆ ಬಿದ್ದರೂ ಸದ್ದು ಕೇಳುತ್ತದೆ. ಇಲ್ಲಿ ಅದೂ ಇಲ್ಲ.

ಒಂದು ಸಂಜೆ ಏಳಕ್ಕೆ ಗ್ರಾಫ್ ಕರೆದ. "ಕಿಡಿ ಅವ್ರೇ, ಬನ್ನಿ ಇಲ್ಲಿ. ಬೇಗ."

ಪರದೆಯ ಮೇಲೆ ಒಂದೇ ಸಾಲು. 'ಪುಟದಲ್ಲಿ ಈಗ ಇರುವವರು: 1.'

"ಈಗ, ಈ ಕ್ಷಣ, ಯಾರೋ ನಿಮ್ಮನ್ನ ಓದ್ತಿದಾರೆ. ಬೀಗದ ಪುಟ."

ಅವಳು ಪರದೆಯ ಕಡೆಗೆ ಬಾಗಿದಳು. ಒಂದು ಸೊನ್ನೆಯಾಯಿತು. ಮತ್ತೆ ಒಂದಾಯಿತು. ಮತ್ತೆ ಸೊನ್ನೆ.

"ಏನಿದು, ಕಣ್ಣಾಮುಚ್ಚಾಲೆ?"

"ಒಂದು ವಾರದಿಂದ ನೋಡ್ತಿದೀನಿ. ಒಂದೇ ಫೋನು. ಹಳೇ ಬಂದರಿನ ಕಡೆಯದು. ಬೆಳಗ್ಗೆ ಐದರಿಂದ ಆರು, ಸಂಜೆ ಏಳರಿಂದ ಎಂಟು. ದಿನಕ್ಕೆ ಐವತ್ತು ಸಲ ಬರ್ತಾರೆ. ಸೀದಾ ದೂರಿನ ಮಾದರಿಗೆ ಇಳೀತಾರೆ, ಒಂದೆರಡು ಸಾಲಿನ ಹತ್ತಿರ ನಿಲ್ತಾರೆ, ಮುಚ್ತಾರೆ. ಮತ್ತೆ ತೆಗೆದು ಅದೇ ಜಾಗಕ್ಕೆ ಬರ್ತಾರೆ. ದಿನಕ್ಕೆ ನಾಲ್ಕು ಸಾಲಿಗಿಂತ ಮುಂದೆ ಹೋಗಲ್ಲ."

"ಅಕ್ಷರ ಕಲೀತಿರೋರೇನೋ..."

"ವಯಸ್ಸಾದೋರೇನೋ."

ಅಂದೇ ಅವಳು ಆ ಪುಟದ ಅಕ್ಷರಗಳನ್ನು ದೊಡ್ಡದು ಮಾಡಿಸಿದಳು. ದಿನವೂ ಸಂಜೆ ಏಳಕ್ಕೆ ಇಬ್ಬರೂ ಒಂದೇ ಪರದೆಯ ಮುಂದೆ ಕೂರುವುದು ರೂಢಿಯಾಯಿತು. ಎರಡು ಮೇಜಿನ ಅಂತರ ಯಾವಾಗ ಕರಗಿತೋ ಯಾರೂ ಗಮನಿಸಲಿಲ್ಲ, ದೊಡ್ಡ ಮೇಡಂ ಒಬ್ಬರನ್ನು ಬಿಟ್ಟು.

"ನಂಗೆ ಆ ಓದುಗರ ಮೇಲೆ ಹೊಟ್ಟೆಕಿಚ್ಚು," ಎಂದ ಅವನು ಒಂದು ದಿನ, ಪರದೆಯನ್ನೇ ನೋಡುತ್ತಾ.

"ಯಾಕೆ?"

"ದಿನಕ್ಕೆ ಐವತ್ತು ಸಲ ನಿಮ್ಮ ಹತ್ತಿರ ಬರ್ತಾರೆ. ನಂಗೆ ಒಂದು ಸಲ ಬಾಯಿ ತೆಗೆಯೋಕೆ ಧೈರ್ಯ ಆಗಿಲ್ಲ."

ಅವಳ ಕಿವಿ ಬಿಸಿಯಾಯಿತು. "ಧೈರ್ಯ ಬಂದ ದಿನ ಈ 'ನೀವು' ಅನ್ನೋದನ್ನ ಬಿಟ್ಟು ಮಾತಾಡು."

ಅವನು ತಿರುಗಿ ನೋಡಿದ. ಅವಳೇ ಮೊದಲು ಬಿಟ್ಟಿದ್ದಳು!

* * *

ಟ್ರಸ್ಟಿನ ಸಭೆ ಮಂಗಳವಾರ. ಪುಟಗಳನ್ನು ಮುಂದುವರಿಸುವುದೋ, ನಿಲ್ಲಿಸುವುದೋ, ಅಂದೇ ತೀರ್ಮಾನ. ಗ್ರಾಫ್ ವರದಿ ತಯಾರಿಸಿದ್ದ. ಅದರಲ್ಲಿ ಒಂದಿಡೀ ಹಾಳೆ ಆ ಓದುಗರಿಗೆ. 'ನಮ್ಮ ಅತಿ ನಿಷ್ಠಾವಂತ ಓದುಗರು.' ಫೋನಿನ ಮಾಡೆಲ್ಲು, ಪ್ರದೇಶ, ಬರುವ ಹೊತ್ತು, ಎಲ್ಲ ಬಣ್ಣ ಬಣ್ಣದ ಕಂಬಗಳಲ್ಲಿ.

"ಇದೊಂದು ಸಾಕು," ಎಂದಿದ್ದ. "ಒಬ್ಬರ ಜೀವಕ್ಕೆ ಈ ಪುಟ ಇಷ್ಟು ಬೇಕಾಗಿದೆ ಅಂದ್ರೆ ಯಾರು ಮುಚ್ತಾರೆ?"

ಸಭೆಯಲ್ಲಿ ಏಳು ಜನ. ನಡುವಿನ ಕುರ್ಚಿಯಲ್ಲಿ ಐಸ್ ಯಜಮಾನರು. ಬಂದರಿನಲ್ಲಿ ಅವರ ಶೀತಲಗೃಹ, ಸಿಗಡಿ ಸುಲಿದು ಹೆಪ್ಪುಗಟ್ಟಿಸಿ ಹಡಗಿಗೆ ಹಾಕುವ ಶೆಡ್ಡುಗಳು. ಕೇಂದ್ರಕ್ಕೆ ಈ ಕಟ್ಟಡ ಬಿಟ್ಟುಕೊಟ್ಟವರೂ ಅವರೇ. ದಾನ ಕೊಟ್ಟ ಕೈ ಎಲ್ಲೆಲ್ಲಿ ಬೀಗ ಹಾಕಿದೆ ಎಂದು ಯಾರು ಕೇಳುತ್ತಾರೆ?

ಆ ಹಾಳೆ ಪರದೆಯ ಮೇಲೆ ಬಂದಾಗ ಕಿಡಿಯ ಸಹಾಯವಾಣಿ ಫೋನು ಬಡಿದುಕೊಂಡಿತು. ಅವಳು ಹೊರಗೆ ಹೋದಳು. ಕಾಲು ಗಂಟೆ ಮಾತಾಡಿ, ನಗುತ್ತಲೇ ಒಳಗೆ ಬಂದಳು.

ಒಳಗೆ ಅವನು ಹೇಳುತ್ತಿದ್ದ.

"...ಅದು ಮನುಷ್ಯರಲ್ಲ ಸರ್. ಯಂತ್ರ. ರೋಬೋಟ್ ಅಂತೀವಿ. ಇಂಟರ್ನೆಟ್ಟಲ್ಲಿ ತಾನಾಗೇ ಓಡಾಡ್ತಿರುತ್ತೆ. ಮನುಷ್ಯರು ಯಾರೂ ದಿನಕ್ಕೆ ಐವತ್ತು ಸಲ ಒಂದೇ ಪುಟ ತೆಗೆಯಲ್ಲ. ನನ್ನ ತಪ್ಪು. ಈಗಲೇ ತೆಗೆದುಹಾಕ್ತೀನಿ."

ಅವಳ ಕಣ್ಣೆದುರೇ ಬೆರಳು ಒತ್ತಿದ. ಬಣ್ಣದ ಕಂಬ ಕುಸಿಯಿತು. ಉಳಿದದ್ದು ನೆಲಕ್ಕಂಟಿದ ಒಂದು ಗೆರೆ.

"ಹಾಗಾದ್ರೆ ನಿಜವಾದ ಓದುಗರು?" ಯಾರೋ ಕೇಳಿದರು.

"ಬಹಳ ಕಮ್ಮಿ."

"ಮುಚ್ಚೋದೇ ಒಳ್ಳೇದು ಅನ್ಸುತ್ತೆ," ಎಂದರು ಐಸ್ ಯಜಮಾನರು. ಫೋನಿನಲ್ಲಿ ಯಾರಿಗೋ ಏನೋ ಹೇಳಿ, ಅದನ್ನು ಜೇಬಿಗಿಟ್ಟರು. "ಯಾವಾಗ ತೆಗೀಬಹುದು?"

"ಹದಿನೈದು ದಿನ ಬೇಕು ಸರ್. ಅದಕ್ಕಿಂತ ಮುಂಚೆ ಆಗಲ್ಲ."

ಅವನು ಅವಳ ಕಡೆ ನೋಡಲಿಲ್ಲ. ಯಜಮಾನರು ಎದ್ದು ಬಂದು ಅವನ ಬೆನ್ನು ತಟ್ಟಿದರು. "ತಪ್ಪು ಒಪ್ಪಿಕೊಳ್ಳೋ ಹುಡುಗರು ಎಲ್ಲಿದಾರೆ ಈಗ? ನಮ್ಮ ಕಂಪನಿಗೂ ನಿನ್ನಂಥೋನು ಬೇಕು ಕಣಯ್ಯಾ."

ಅವನು ತಲೆಯಾಡಿಸಿದ.

ಅಷ್ಟು ಸಾಕಾಯಿತು ಅವಳಿಗೆ.

ಮೆಟ್ಟಿಲ ಬಳಿ ಅವನು ಹಿಂದೆ ಓಡಿಬಂದ. "ಕಿಡಿ, ಒಂದು ನಿಮಿಷ... ಇಲ್ಲಿ ಬೇಡ, ಹೊರಗೆ ಎಲ್ಲಾದ್ರೂ..."

"ನೀವು ನನ್ನ ಹಿಂದೆ ಬರಬೇಡಿ."

'ನೀವು' ಎಂಬುದು ಅವನ ಮುಖಕ್ಕೆ ಬಾಗಿಲಿನಂತೆ ಬಡಿಯಿತು.

"ಎಷ್ಟಕ್ಕೆ ಮಾರಿದ್ರಿ? ಒಂದು ನೌಕರಿಗಾ? ಹಳೇ ಬಂದರಲ್ಲಿ ಯಾರೋ ಒಬ್ಬಳು ತಡವರಿಸಿ ತಡವರಿಸಿ ಓದ್ತಿದ್ಲು. ಅವಳನ್ನ ಮನುಷ್ಯಳೇ ಅಲ್ಲ ಅಂದ್ರಲ್ಲ... ನಿಮ್ಮ ನಾಲಿಗೆ ಹೇಗೆ ಹೊರಳಿತು?"

ಮೇಲಿನ ಮೆಟ್ಟಿಲಲ್ಲಿ ಯಜಮಾನರ ಬೂಟಿನ ಸದ್ದು. ಅವನ ತುಟಿ ಅಲುಗಿತು. ಮೇಲೆ ನೋಡಿ ಬಾಯಿ ಮುಚ್ಚಿದ.

"ನೋಡಿ. ಹೇಳೋಕೆ ಏನೂ ಇಲ್ಲ."

ಅವಳು ಇಳಿದು ಹೋದಳು. ಬಸ್ಸಿನಲ್ಲಿ ಕೂತು ಅವನ ನಂಬರನ್ನು ಬ್ಲಾಕ್ ಮಾಡಿದಳು. ಆಮೇಲೆ ಕಿಟಕಿಯ ಸರಳಿಗೆ ಹಣೆ ಒತ್ತಿ ಅತ್ತಳು. ಪಕ್ಕದ ಸೀಟಿನ ಹೆಂಗಸು ತನ್ನ ಕರವಸ್ತ್ರ ಕೊಟ್ಟಳು.

* * *

ಆ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು.

ಸಂಜೆ ಏಳಕ್ಕೆ ಒಬ್ಬಳೇ ಪರದೆಯ ಮುಂದೆ ಕೂರುತ್ತಿದ್ದಳು. 'ಪುಟದಲ್ಲಿ ಈಗ ಇರುವವರು: 0.' ಎಂಟರವರೆಗೂ ಸೊನ್ನೆ. ಕಣ್ಣು ಉರಿಯುವವರೆಗೂ ಸೊನ್ನೆ.

ನಿಜವಾಗಿಯೂ ಯಂತ್ರವೇ ಇದ್ದಿರಬಹುದೇ? ಎದೆಯ ನೆತ್ತರು ಬಸಿದು ಒಂದು ಯಂತ್ರಕ್ಕೆ ಕಾಗದ ಬರೆದೆನೇ? ಅಕ್ಷರ ದೊಡ್ಡದು ಮಾಡಿಸಿದ್ದು ಯಾರ ಕಣ್ಣಿಗೆ? ಯೋಚಿಸಿದಷ್ಟೂ ನಾಚಿಕೆ, ನಾಚಿಕೆಯ ಕೆಳಗೆ ಇನ್ನೊಂದು ನೋವು. ಪಕ್ಕದ ಕುರ್ಚಿ ಖಾಲಿ. ಅವನು ಸಭೆಯ ಮರುದಿನವೇ ಕೆಲಸ ಬಿಟ್ಟಿದ್ದ. 'ಐಸ್ ಕಂಪನಿಯ ಕುರ್ಚಿ ಮೆತ್ತಗಿರಬೇಕು...'

ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತಾ ಓರೆಗಣ್ಣಲ್ಲಿ ನೋಡಿದಳು.

"ಆ ಹುಡುಗ ನಿಮ್ಮ ಭಾವನಿಗೆ ಫೋನ್ ಮಾಡಿದ್ದ. ಮೂರು ಸಲ."

"ಭಾವ ಏನಂದ್ರು?"

"ನಿಮ್ಮ ಭಾವ ಏನಂತಾರೆ? 'ಊಟ ಆಯ್ತಾ' ಅಂತ ಕೇಳಿ ಇಟ್ಟಿದಾರೆ. ನೀನಾದ್ರೂ ಒಂದು ಸಲ ಕೇಳಬಾರದಾ, ಏನು ಹೇಳ್ತಾನೆ ಅಂತ?"

"ಏನು ಕೇಳೋದಕ್ಕಾ? ಎಲ್ಲ ನನ್ನ ಕಣ್ಣೆದುರೇ ಆಯ್ತು."

"ಕಣ್ಣೆದುರು ಆದದ್ದೆಲ್ಲ ಕಂಡ ಹಾಗೇ ಇರುತ್ತೇನೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ನೆನಪಿಟ್ಕೋ."

"ನನ್ನ ಮೂಗು ನಂಗಿರ್ಲಿ ಬಿಡು."

"ಇರ್ಲಿ. ಅದರ ತುದೀಲೇ ಕೋಪ ಇರೋದು."

ಅವಳಿಗೆ ನಗು ಬರಲಿಲ್ಲ. ಗೋಡೆಗೆ ತಿರುಗಿ ಮಲಗಿದಳು. ಊಟದ ತಟ್ಟೆ ತಣ್ಣಗಾಯಿತು. ಬರೆಯಲು ಕೂತರೆ ಒಂದು ಸಾಲೂ ಮೂಡಲಿಲ್ಲ. ಓದುವವರೇ ಇಲ್ಲದ ಮೇಲೆ ಬರೆಯುವವಳು ಏನು? ಪ್ರೀತಿಸಿದವನೇ ಅಳಿಸಿದ ಮೇಲೆ ಉಳಿಯುವುದು ಏನು?

ಹದಿಮೂರನೇ ದಿನ ಭಾನುವಾರ. ಪುಟ ಅಳಿಯಲು ಇನ್ನು ಎರಡು ದಿನ. ತನ್ನ ಮೇಜು ಖಾಲಿ ಮಾಡಲೆಂದು ಕೇಂದ್ರಕ್ಕೆ ಹೋದಳು. ದೊಡ್ಡ ಮೇಡಂ ಒಬ್ಬರೇ ಕೂತಿದ್ದರು.

"ಬಾ. ಒಂದು ವಿಷಯ ನಂಗೆ ಅರ್ಥ ಆಗ್ತಿಲ್ಲ," ಎಂದರು. "ಹೊಸದಾಗಿ ಬಂದ ಹುಡುಗ ನಿನ್ನೆ ಹೇಳಿದ, ಪುಟ ತೆಗೆಯೋಕೆ ಐದು ನಿಮಿಷ ಸಾಕಂತೆ. ನಿನ್ನ ಗ್ರಾಫ್ ಹದಿನೈದು ದಿನ ಅಂತ ಯಾಕಂದ?"

"ನನ್ನ ಗ್ರಾಫ್ ಅಲ್ಲ ಅವನು," ಎಂದಳು. ಆದರೆ ಮಾತು ಅರ್ಧಕ್ಕೇ ನಿಂತಿತು. ಹೌದಲ್ಲ... ಯಾಕೆ?

ಬಾಗಿಲ ಬಳಿ ಯಾರೋ ಕೆಮ್ಮಿದರು.

ನಲವತ್ತರ ಆಸುಪಾಸಿನ ಹೆಂಗಸು. ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಬಿಳಿಚಿ, ತುದಿಯಲ್ಲಿ ಸೀಳಿದ್ದವು. ಐಸಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುವವರ ಬೆರಳು.

"ಬೀಗದ ವಿಷಯ ಬರೆದ ಅಕ್ಕ ಯಾರು?"

ಕಿಡಿ ಎದ್ದು ನಿಂತಳು. "ನಾನೇ."

"ನೀವಾ? ನಮಗಿಂತ ಸಣ್ಣೋಳು..." ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ನಾವು ಕನ್ನಡಕ ಹಾಕಿರೋ ಅಜ್ಜಿ ಅಂದ್ಕೊಂಡಿದ್ವಿ. ಅಷ್ಟು ಬೈದು ಬೈದು ಬರೆದಿದೀರ."

ಅವಳು ಕುಪ್ಪಸದೊಳಗಿಂದ ಸುತ್ತಿದ ಕಾಗದ ತೆಗೆದಳು. ಬೆವರಿಗೆ ಮೆತ್ತಗಾಗಿತ್ತು. ಮೇಜಿನ ಮೇಲೆ ಬಿಚ್ಚಿ ಅಂಗೈಯಿಂದ ಸವರಿದಳು.

ದೂರಿನ ಮಾದರಿ. ಎಂಬತ್ತೆರಡು ಸಾಲು. ಎರಡೆರಡು ಸಾಲಿಗೂ ಕೈಬರಹ ಬೇರೆ. ಒಂದು ಗುಂಡಗೆ, ಒಂದು ಇರುವೆ ಸಾಲಿನಂತೆ, ಒಂದು ಮೊದಲ ಸಲ ಪೆನ್ನು ಹಿಡಿದವಳದ್ದು, ಅಕ್ಷರಗಳು ಗೋಡೆ ಹತ್ತುವಂತೆ.

"ಹಾಸ್ಟೆಲಲ್ಲಿ ನಾವು ನಲವತ್ತೊಂದು ಜನ. ಸೇರೋ ದಿನವೇ ಫೋನ್ ಕಿತ್ಕೊಳ್ತಾರೆ. ಒಂದು ಉಳಿಸ್ಕೊಂಡಿದೀವಿ, ಬಚ್ಚಲ ಗೋಡೆ ಸಂದೀಲಿ. ಬೆಳಗ್ಗೆ ಸಂಜೆ ಸ್ನಾನದ ಹೊತ್ತಲ್ಲಿ ಒಬ್ಬೊಬ್ಬಳೇ ಹೋಗಿ, ನಾಲ್ಕು ಪದ ಬಾಯಿಪಾಠ ಮಾಡ್ಕೊಂಡು ಬಂದು ಬರೆಯೋದು. ಮರೆತ್ರೆ ಮತ್ತೆ ಹೋಗೋದು. ದಿನಕ್ಕೆ ಇಬ್ಬರ ಸರದಿ. ಯಾರೋ ಒಬ್ಬಳೇ ಬರೆದ್ರೆ ಅವಳ ಕುತ್ತಿಗೆ ಹಿಡೀತಾರಲ್ಲ? ಅದಕ್ಕೆ ಎಲ್ಲರೂ ಎರಡೆರಡು ಸಾಲು."

ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

"ಒಂದು ಅನುಮಾನ ಅಕ್ಕಾ," ಹೆಂಗಸು ಕೊನೆಯ ಸಾಲು ತೋರಿಸಿದಳು. "ಇಂತಿ ಅಂತ ಆದ್ಮೇಲೆ ನೀವು ಬರೀ ಚುಕ್ಕಿ ಇಟ್ಟಿದ್ರಿ. ನಾವೂ ಇಟ್ವಿ. ಎಣಿಸಿ ಇಪ್ಪತ್ತು ಚುಕ್ಕಿ. ಅದು ಯಾವ ಕಾನೂನು?"

ಕಿಡಿ ನಕ್ಕಳು, ನಗುತ್ತಲೇ ಬಿಕ್ಕಿದಳು. "ಅದು ನಿಮ್ಮ ಹೆಸರು ಬರೆಯೋ ಜಾಗ ಅಮ್ಮಾ. ಚುಕ್ಕಿ ಅಲ್ಲ."

"ಹೌದಾ? ಹಾಗಾದ್ರೆ ಜಾಗ ಸಾಲಲ್ಲ. ಇನ್ನೊಂದು ಹಾಳೆ ಕೊಡಿ. ಜ್ವರದ ಮಾತ್ರೆ ತರೋಕೆ ಅಂತ ಎರಡು ಗಂಟೆ ಮಾತ್ರ ಹೊರಗೆ ಬಿಟ್ಟಿದಾರೆ. ಎಲ್ಲರ ರುಜು ಹಾಕಿಸಿ ಬೆಳಗ್ಗೆ ಹಾಲಿನ ಗಾಡಿಯವನ ಕೈಲಿ ಕಳಿಸ್ತೀನಿ. ಅವನು ನನ್ನ ಚಿಕ್ಕಮ್ಮನ ಮಗ."

"ಇಷ್ಟು ದಿನ ಸಿಕ್ಕಿಬೀಳ್ಲಿಲ್ವಾ?" ದೊಡ್ಡ ಮೇಡಂ ಕೇಳಿದರು.

"ಬಿದ್ದೇಬಿಡ್ತಿದ್ವಿ. ಹೋದ್ ಹೋದ ಮಂಗಳವಾರ. ನಂಗೆ ಜ್ವರ, ಹಾಸ್ಟೆಲಲ್ಲೇ ಇದ್ದೆ. ವಾರ್ಡನ್ ಇದ್ದಕ್ಕಿದ್ದಂತೆ ಪೆಟ್ಟಿಗೆ ಎಲ್ಲ ತೆಗೆಸಿ ಹುಡುಕಿದ್ಲು. ಫೋನ್ ಇದೆ ಅಂತ ಯಜಮಾನರು ಮೀಟಿಂಗಿಂದ ಹೇಳಿಕಳಿಸಿದ್ರಂತೆ. ಪೆಟ್ಟಿಗೆ ಮುಗಿಸಿ ಬಚ್ಚಲಿಗೆ ಕಾಲಿಟ್ಲು. ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಅವಳ ಫೋನ್ ಬಡೀತು. 'ಬಿಡು, ಅದು ಮೆಷಿನ್ನಂತೆ, ಆ ಕಂಪ್ಯೂಟರ್ ಹುಡುಗನೇ ಹೇಳಿದ' ಅಂದ್ರು ಯಜಮಾನ್ರು. ಅವಳು ವಾಪಸ್ ಹೋದ್ಲು." ಹೆಂಗಸು ಕೈಮುಗಿದಳು, ಎದುರಿಗಿಲ್ಲದ ಯಾರಿಗೋ. "ಆ ಹುಡುಗ ಯಾರೋ ಏನೋ. ಅವನ ಬಾಯಲ್ಲಿ ಆ ಸುಳ್ಳು ಬರದೇ ಇದ್ದಿದ್ರೆ ನಾವು ಬೀದಿಗೆ ಬೀಳ್ತಿದ್ವಿ."

ಕಿಡಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮನುಷ್ಯರಲ್ಲ ಸರ್, ಯಂತ್ರ... ನನ್ನ ತಪ್ಪು... ಹದಿನೈದು ದಿನ ಬೇಕು... ಮಾತು ಮಾತೂ ತಿರುಗಿ ನಿಂತು ಅವಳನ್ನು ನೋಡತೊಡಗಿದವು.

"ಮೇಡಂ... ಅವನು ಈಗ ಎಲ್ಲಿದಾನೆ?"

"ಐಸ್ ಕಂಪನೀಲಂತೂ ಅಲ್ಲ," ಎಂದರು ದೊಡ್ಡ ಮೇಡಂ. "ಅವನ ಸೋದರಮಾವನದ್ದು ಕನ್ನಡಕದ ಅಂಗಡಿ ಇದೆಯಲ್ಲ, ಗಡಿಯಾರದ ಕಂಬದ ಹತ್ತಿರ. ಹೋಗು. ಈ ಅರ್ಜಿ ನಾನು ನೋಡ್ಕೋತೀನಿ."

* * *

ಅಂಗಡಿಯಲ್ಲಿ ಮಾವ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಒಳಗೆ, ಕಣ್ಣು ಪರೀಕ್ಷೆಯ ಹಲಗೆಯ ಕೆಳಗೆ ಸ್ಟೂಲಿನ ಮೇಲೆ ಕೂತು ಗ್ರಾಫ್ ಗಾಜು ಒರೆಸುತ್ತಿದ್ದ. ಗಡ್ಡ ಬೆಳೆದಿತ್ತು. ಕೆನ್ನೆ ಒಳಗೆ ಹೋಗಿತ್ತು.

"ದೂರದ್ದೋ ಹತ್ತಿರದ್ದೋ?" ಕೇಳಿದರು ಮಾವ.

"ಹತ್ತಿರದ್ದೇ ಕಾಣಿಸ್ಲಿಲ್ಲ ನಂಗೆ," ಎಂದಳು ಅವಳು, ಅವನನ್ನೇ ನೋಡುತ್ತಾ.

ಮಾವ ಇಬ್ಬರನ್ನೂ ನೋಡಿದರು. "ಓ... ಇವರೇನೋ? ತಾಯಿ, ಬೇಗ ಕರ್ಕೊಂಡು ಹೋಗಿ. ಇವನ ಮುಖ ನೋಡಿದ ಗಿರಾಕಿಗಳು ಕಣ್ಣೇ ಬೇಡ ಅಂತ ವಾಪಸ್ ಹೋಗ್ತಿದಾರೆ." ಎದ್ದು, ಪೇಪರು ಕಂಕುಳಲ್ಲಿಟ್ಟುಕೊಂಡು, ಹೊರಗೆ ಫುಟ್‌ಪಾತಿನಲ್ಲಿ ಹೋಗಿ ನಿಂತರು.

ಅವನು ನಿಂತ. ಕೈಯಲ್ಲಿನ ಗಾಜನ್ನು ಬದಿಗಿಟ್ಟ.

"ಅರ್ಜಿ ಮುಗೀತು," ಎಂದಳು. "ನಲವತ್ತೊಂದು ಕೈ."

ಅವನು ಕಣ್ಣು ಮುಚ್ಚಿದ. ರೆಪ್ಪೆಯಡಿಯಿಂದ ನೀರು ಇಳಿಯಿತು. "ಎಲ್ಲರೂ... ಕ್ಷೇಮಾನಾ?"

"ನಿನ್ನಿಂದ."

"ನನ್ನಿಂದ ಅಲ್ಲ ಕಿಡಿ. ಅವರನ್ನ ಸಿಕ್ಕಿಸಿದ್ದೇ ನಾನು. ಬರೋ ಹೊತ್ತು, ಫೋನಿನ ಮಾಡೆಲ್ಲು, ಜಾಗ, ಎಲ್ಲ ಬಣ್ಣ ಹಚ್ಚಿ ಆ ಯಜಮಾನನ ಮುಂದೆ ಇಟ್ಟೆ. ನೀನು ಆಚೆ ಹೋದಾಗ ಅವನು ಕೇಳಿದ, 'ಐದರಿಂದ ಆರು, ಏಳರಿಂದ ಎಂಟು... ಇದು ನಮ್ಮ ಹಾಸ್ಟೆಲಿನ ಸ್ನಾನದ ಹೊತ್ತಲ್ವೇನಯ್ಯಾ?' ಅಂತ. ಹಾಳೆಯ ಫೋಟೋ ತೆಗೆದು ಯಾರಿಗೋ ಕಳಿಸ್ದ. ಆಗ ಹೊಳೀತು ನಂಗೆ. ಅವರು ಓದ್ತಿಲ್ಲ, ನಕಲು ಮಾಡ್ತಿದಾರೆ ಅಂತ. ಸುಮಾರು ಐವತ್ತನೇ ಸಾಲಲ್ಲಿದ್ರು. ಬಾಯಿಗೆ ಬಂದ ಸುಳ್ಳು ಹೇಳಿದೆ. ಉಳಿದ ಸಾಲು ಬರೆದು ಮುಗಿಸ್ಲಿ ಅಂತ ಹದಿನೈದು ದಿನ ಕೇಳ್ದೆ. ಎಲ್ಲ ದಾಖಲೆ ಅಳಿಸಿದೆ. ಆ ಫೋನು ಮತ್ತೆ ಬಂದ್ರೂ ಲೆಕ್ಕಕ್ಕೆ ಸಿಗದ ಹಾಗೆ ಮಾಡ್ದೆ."

ಹಾಗಾದರೆ ಆ ಸೊನ್ನೆಯ ಹಿಂದೆ ಅಷ್ಟು ದಿನವೂ ಅವರು ಇದ್ದರು. ಅವಳು ಅಳುತ್ತಾ ಕೂತಿದ್ದ ಆ ಒಂದೊಂದು ಸಂಜೆಯೂ ಅವರು ಬರೆಯುತ್ತಿದ್ದರು.

"ನಂಗೆ ಯಾಕೆ ಹೇಳ್ಲಿಲ್ಲ? ಅಕ್ಕನ ಮನೆ ಗೊತ್ತಿತ್ತು. ಒಂದು ಚೀಟಿ ಸಾಕಿತ್ತು."

"ಚೀಟಿ ಯಾರ ಕೈಗೆ ಸಿಗುತ್ತೋ ಅಂತ..." ಅವನು ನಿಲ್ಲಿಸಿದ. "ಸುಳ್ಳು. ನಿನಗೆ ಹೇಳೋಕೇ ಹೆದರಿದೆ. ನೀನು ಬೆಂಕಿ. ಗೊತ್ತಾದ್ರೆ ಅವತ್ತೇ ಅವನ ಗೇಟಿಗೆ ಹೋಗಿ ಕೂತಿರ್ತಿದ್ದೆ. ಅವರ ಅರ್ಜಿ ಅರ್ಧಕ್ಕೇ ಉಳೀತಿತ್ತು. ಅದಕ್ಕೇ..."

"ಅದಕ್ಕೇ ನನ್ನ ಪರವಾಗಿ ನೀನೇ ತೀರ್ಮಾನ ಮಾಡ್ದೆ."

ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ನೋಯಿಸಿತು.

"ಗೇಟಿಗೆ ಹೋಗಿ ಕೂರ್ತಿದ್ದೆನೋ, ಬಾಯಿ ಹೊಲ್ಕೊಂಡು ಕಾಯ್ತಿದ್ದೆನೋ, ಅದನ್ನ ಹೇಳಬೇಕಾದೋಳು ನಾನು. ಆ ಹೆಂಗಸರ ಒಳ್ಳೇದಕ್ಕೇ ಬೀಗ ಹಾಕ್ತೀವಿ ಅಂತಾನಲ್ಲ ಅವನು? ನನ್ನ ಒಳ್ಳೇದಕ್ಕೆ ಅಂತ ನೀನೂ ಹಾಕ್ದೆ. ಹೊರಗಿನಿಂದ."

ಅವನು ಏಟು ತಿಂದವನಂತೆ ಸ್ಟೂಲಿನ ಮೇಲೆ ಕುಸಿದ.

"ಹೌದು," ಎಂದ ಕೊನೆಗೆ. "ಹಾಕ್ದೆ."

ಸಮಜಾಯಿಷಿ ಇಲ್ಲ. 'ಆದರೆ' ಎಂಬ ಪದ ಇಲ್ಲ. ಅವಳ ಎದೆಯಲ್ಲಿ ಹದಿಮೂರು ದಿನದಿಂದ ಕಟ್ಟಿಕೊಂಡಿದ್ದುದು ಸಡಿಲಾಯಿತು.

"ನಾನೂ ಕೇಳ್ಲಿಲ್ಲ," ಎಂದಳು. "ನೀನು ಮೆಟ್ಟಿಲ ಹತ್ತಿರ ಬಾಯಿ ತೆಗೆದೆ. ನಾನು 'ನೀವು' ಅಂದೆ. ಅಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ ಮನುಷ್ಯನನ್ನ ಒಂದು ಬೆನ್ನು ತಟ್ಟೋದ್ರಲ್ಲಿ ಅಳೆದುಬಿಟ್ಟೆ."

"ಕಿಡಿ..."

"ನಾಳೆ ಕಾರ್ಮಿಕ ಅಧಿಕಾರಿ ಹತ್ತಿರ ಹೋಗ್ತಿದೀವಿ. ಬರ್ತೀಯಾ?"

"ಕ್ಷೌರ ಮಾಡ್ಕೊಂಡು ಬರ್ಲಾ?"

"ಹಾಗೇ ಬಾ. ಅಧಿಕಾರಿಗೂ ಸ್ವಲ್ಪ ಕರುಣೆ ಬರಲಿ."

* * *

ಅಧಿಕಾರಿ "ಮುಂದಿನ ವಾರ ನೋಡೋಣ" ಎಂದರು. ದೊಡ್ಡ ಮೇಡಂ ಅವರ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

"ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ನಲವತ್ತೊಂದು ಜನ. ಪಕ್ಕದ ಗೋಡೆಗೆ ಅಮೋನಿಯಾ ಪೈಪು. ಇವತ್ತು ಸೋರಿದ್ರೆ, ನಿಮ್ಮ ಮುಂದಿನ ವಾರದ ತನಕ ಉಸಿರು ಹಿಡ್ಕೊಂಡಿರಿ ಅಂತ ನೀವೇ ಬಂದು ಹೇಳ್ತೀರೋ, ನಾನು ಹೇಳ್ಲೋ?"

ಮಧ್ಯಾಹ್ನ ಎರಡಕ್ಕೆ ಜೀಪು ಹಳೇ ಬಂದರಿಗೆ ಹೊರಟಿತು.

ಆದರೆ ಗೇಟಿನೊಳಗೆ ಹೋದ ಅಧಿಕಾರಿ ಹೊರಗೆ ಬರಲಿಲ್ಲ. ಅರ್ಧ ಗಂಟೆ. ಒಂದು ಗಂಟೆ. ದೊಡ್ಡ ಮೇಡಂ ಕಾವಲುಗಾರನ ಜೊತೆ ವಾದಿಸಿ ಒಳಗೆ ಹೋದರು. ಅವರೂ ಬರಲಿಲ್ಲ. ಯಜಮಾನರ ಕಾರು ಬಂತು. ಗಾಜು ಇಳಿಯಿತು. ಯಜಮಾನರು ಗ್ರಾಫ್‌ನನ್ನು ಗುರುತಿಸಿದರು, ಏನೂ ಅನ್ನಲಿಲ್ಲ, ನಕ್ಕರು. ಕಿಡಿ ಗೇಟಿನ ಸರಳು ಹಿಡಿದು ಒಳಗೆ ನೋಡಿದಳು. ಒಳಗೆ ಏನು ನಡೆಯುತ್ತಿದೆ? ನಲವತ್ತೊಂದು ರುಜು ಈಗ ಯಾರ ಕೈಯಲ್ಲಿದೆ? ನಾಳೆ ಅವರಿಗೆ ಕೆಲಸ ಇರುತ್ತದೆಯೇ, ತಲೆಯ ಮೇಲೆ ಸೂರು ಇರುತ್ತದೆಯೇ? ತಾನು ಬರೆದ ಎಂಬತ್ತೆರಡು ಸಾಲು ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತು?

ಮೂರೂವರೆಗೆ ಹಾಸ್ಟೆಲಿನ ಕಡೆಯಿಂದ ಕಬ್ಬಿಣದ ಸದ್ದು. ಒಮ್ಮೆ, ಇನ್ನೊಮ್ಮೆ.

ಹೆಂಗಸರು ಹೊರಗೆ ಬಂದರು. ರಬ್ಬರ್ ಬೂಟು, ತಲೆಗೆ ಕಟ್ಟಿದ ಬಟ್ಟೆ. ಮೊದಲು ಇಬ್ಬರು, ಆಮೇಲೆ ಗುಂಪು. ಗೇಟು ದಾಟಿ ರಸ್ತೆಗೆ ಬಂದು ಅನುಮಾನದಿಂದ ನಿಂತರು. ನಿನ್ನೆಯ ಆ ಹೆಂಗಸು ಮುಂದೆ ನಡೆದು ರಸ್ತೆ ದಾಟಿದಳು. ಆ ಬದಿಯ ಗೋಡೆ ಮುಟ್ಟಿ ತಿರುಗಿ ಈ ಬದಿಗೆ ಬಂದಳು. ಅಷ್ಟೇ. ಅಲ್ಲಿ ಕೊಳ್ಳಲು ಏನೂ ಇರಲಿಲ್ಲ, ಕಾಣಲು ಯಾರೂ ಇರಲಿಲ್ಲ. ಇನ್ನೊಬ್ಬಳು ದಾಟಿದಳು. ಮತ್ತೊಬ್ಬಳು. ದಾಟಬಹುದು ಎಂಬುದಕ್ಕೇ ದಾಟಿದರು.

ದೊಡ್ಡ ಮೇಡಂ ಹಿಂದೆಯೇ ಬಂದರು, ಮುಖ ಬಾಡಿತ್ತು. "ಬೀಗ ತೆಗೆಸಿದ್ರು. ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಬರೆಸ್ಕೊಂಡಿದೀನಿ, ಆದ್ರೆ ಅವನು ಸುಮ್ಮನಿರೋನಲ್ಲ. ನಮ್ಮ ಕಟ್ಟಡ ಖಾಲಿ ಮಾಡಿ ಅಂದ. ಪುಟಕ್ಕೆ ಬೇರೆ ಜಾಗ ನೋಡ್ಬೇಕು, ನಮಗೂ. ಹೋರಾಟ ಈಗ ಶುರು ಕಣ್ರೋ." ಅಷ್ಟು ಹೇಳಿ ಹೆಂಗಸರ ನಡುವೆ ಹೋಗಿ ನಿಂತರು.

ಗ್ರಾಫ್ ಅಲುಗಾಡಲಿಲ್ಲ. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು.

"ಏನಾಯ್ತು?" ಕೇಳಿದಳು.

"ಏನಿಲ್ಲ" ಎನ್ನಲು ಹೊರಟ ಅವನು. ತುಟಿ ಕಚ್ಚಿದ. ಅವಳ ಕಡೆ ತಿರುಗಿದ.

"ನಂಗೆ ಭಯ ಆಗ್ತಿದೆ ಕಿಡಿ. ಅವನು ನಕ್ಕಿದ್ದು ನೋಡಿದ್ಯಲ್ಲ. ಇವರಿಗೆ ಏನಾದ್ರೂ ಆದ್ರೆ... ನಿನಗೆ ಏನಾದ್ರೂ ಆದ್ರೆ... ನಂಗೆ ತಡ್ಕೊಳ್ಳೋಕೆ ಆಗಲ್ಲ. ನಿನ್ನನ್ನ ಅಷ್ಟು... ಅಷ್ಟು ಇಷ್ಟಪಡ್ತೀನಿ ನಾನು."

ಅವಳು ಅವನ ಕೈ ಹಿಡಿದಳು. ಬೆರಳುಗಳು ತಣ್ಣಗಿದ್ದವು.

"ನಂಗೂ ಭಯ ಆಗ್ತಿದೆ," ಎಂದಳು. "ಬೆಳಗಿನಿಂದ."

"ನಿಂಗಾ?"

"ಹೂಂ. ಆದ್ರೆ ನೀನು ಹೇಳಿದ್ಯಲ್ಲ. ಸ್ವಲ್ಪ ಕಮ್ಮಿ ಆಯ್ತು."

"ಇನ್ಮೇಲೂ ಹೇಳ್ತೀನಿ."

"ಹೇಳು. ಎಷ್ಟೇ ಕೆಟ್ಟದ್ದಿರಲಿ, ಮೊದಲು ನಂಗೆ ಹೇಳು." ಅವಳು ಅವನ ಹೆಗಲಿಗೆ ತಲೆ ಒರಗಿಸಿದಳು. "ನಾನು ಎದ್ದು ಹೋಗಲ್ಲ."